ಹಂಪಿ ಡಾಕ್ಯುಮೆಂಟರಿ ಮೂರು ತುಂಡಾಗ್ತಿದೆಯಾ? ಒಂದು ಕಲ್ಲಿನ ಹಿಂದೆ ಹೋಗಿ ನೋಡಿ

ಪ್ರಶ್ನೆ: ಸರ್, ನಮ್ದು ಹೊಸಪೇಟೆ. ಹಂಪಿ ಬಗ್ಗೆ ಅರ್ಧ ಗಂಟೆಯ ಡಾಕ್ಯುಮೆಂಟರಿ ಮಾಡ್ತಾ ಇದೀನಿ. ಹಳೇ ಶಿಲ್ಪ, ಅಲ್ಲಿ ಕೂತು ಚಿತ್ರ ಬಿಡಿಸೋ ನನ್ನ ಗೆಳೆಯನ ಮಾಡರ್ನ್ ಪೇಂಟಿಂಗ್, ಜೊತೆಗೆ ಸರ್ಕಾರದ ನೀತಿ, ಮೂರೂ ಬರ್ಬೇಕು ಅಂತ ಆಸೆ. ಆದ್ರೆ ಎಡಿಟ್ ಮಾಡಿ ನೋಡಿದ್ರೆ ಮೂರು ಬೇರೆ ಬೇರೆ ಸಿನಿಮಾ ಅಂಟಿಸಿದ ಹಾಗೆ ಕಾಣತ್ತೆ. ಯಾರೋ ‘ದಹೋಮಿ’ ಅನ್ನೋ ಡಾಕ್ಯುಮೆಂಟರಿ ನೋಡು, ಫ್ರಾನ್ಸ್‌ನಿಂದ ಆಫ್ರಿಕಾಕ್ಕೆ ವಾಪಸ್ ಹೋದ ಹಳೇ ಶಿಲ್ಪಗಳದ್ದು ಅಂದ್ರು. ಅದ್ರಲ್ಲಿ ಏನನ್ನ ಗಮನಿಸ್ಬೇಕು? ಬೇರೆ ಯಾವುದಾದ್ರೂ ನೋಡೋದಿದ್ಯಾ?

ಉತ್ತರ: ನಿಮ್ಮ ತೊಂದರೆ ನನಗೆ ಚೆನ್ನಾಗಿ ಅರ್ಥ ಆಗತ್ತೆ, ಯಾಕಂದ್ರೆ ಇಷ್ಟು ವರ್ಷ ಎಡಿಟಿಂಗ್ ಟೇಬಲ್ ಮುಂದೆ ಕೂತು ನಾನು ಅತಿ ಹೆಚ್ಚು ನೋಡಿರೋ ತೊಂದರೆನೇ ಇದು. ಏನಾಗತ್ತೆ ಅಂದ್ರೆ ಮೊದಲು ದೇವಸ್ಥಾನದ ಶಾಟ್‌ಗಳು, ಹಿಂದೆ ತಂಬೂರಿ, ಆಮೇಲೆ ಕಲಾವಿದರ ಸ್ಟುಡಿಯೋ, ಆಮೇಲೆ ಒಬ್ಬ ಅಧಿಕಾರಿ ಕುರ್ಚಿ ಮೇಲೆ ಕೂತು ಮಾತಾಡೋದು, ಈ ಮೂರನ್ನೂ ಸೇರಿಸೋ ಕೆಲಸ ಪಾಪ ವಾಯ್ಸ್ ಓವರ್ ತಲೆ ಮೇಲೆ ಬೀಳತ್ತೆ. ‘ಪರಂಪರೆ ಮತ್ತು ಆಧುನಿಕತೆಯ ಸಂಗಮ’ ಅಂತ ಒಂದು ವಾಕ್ಯ ಬಂತು ಅಂದ್ರೆ ಅಲ್ಲಿಗೆ ನೋಡೋರು ಫೋನ್ ತೆಗೀತಾರೆ.

ನಾನು ಹೇಳೋದು ಒಂದೇ. ವಿಷಯಗಳನ್ನ ಸೇರಿಸೋಕೆ ಹೋಗ್ಬೇಡಿ, ಒಂದು ವಸ್ತುವನ್ನ ಹಿಡ್ಕೊಂಡು ಅದರ ಹಿಂದೆ ಹೋಗಿ. ಯಾರು ಮಾಡಿದ್ರು, ಯಾರು ಒಯ್ದ್ರು, ಯಾವ ರಿಜಿಸ್ಟರ್‌ನಲ್ಲಿ ಯಾವ ನಂಬರ್ ಕೊಟ್ರು, ಯಾವ ಕಲಾವಿದ ಅದನ್ನ ನೋಡಿ ತಾನು ಚಿತ್ರ ಬರೆಯೋ ರೀತಿನೇ ಬದಲಾಯಿಸ್ಕೊಂಡ, ಯಾವ ಕಾನೂನು ಅದನ್ನ ಅಲ್ಲೇ ಇಡ್ತು ಅಥವಾ ವಾಪಸ್ ಕಳಿಸ್ತು, ಇವೆಲ್ಲ ಆ ಒಂದೇ ವಸ್ತುವಿನ ಮೈಮೇಲೆ ಇರತ್ತೆ. ಹಾಗೆ ಹೋದ್ರೆ ಕಲೆ, ಪರಂಪರೆ, ಪಾಲಿಸಿ ಮೂರೂ ನೀವು ಕರೀದೇನೇ ಬರ್ತವೆ. ‘ದಹೋಮಿ’ ಇದನ್ನ ಎಷ್ಟು ಚೆನ್ನಾಗಿ ಮಾಡಿದೆ ಅಂದ್ರೆ ನಾನು ವಿದ್ಯಾರ್ಥಿಗಳಿಗೆ ತೋರಿಸಿದಾಗೆಲ್ಲ ನನಗೂ ಹೊಸದೇನೋ ಕಾಣತ್ತೆ.

ಮೊದಲು ಹಿನ್ನೆಲೆ ಸ್ವಲ್ಪ. ದಹೋಮಿ ಅನ್ನೋದು ಪಶ್ಚಿಮ ಆಫ್ರಿಕಾದ ಒಂದು ರಾಜ್ಯ, ರಾಜಧಾನಿ ಅಬೊಮೆ, ಈಗಿನ ಬೆನಿನ್ ದೇಶದಲ್ಲಿದೆ. (ಬೆನಿನ್ ಕಂಚಿನ ಶಿಲ್ಪಗಳು ಅಂತ ಪೇಪರ್‌ನಲ್ಲಿ ಓದಿರ್ತೀರಲ್ಲ, ಅದು ಬೇರೆ ಕಥೆ, ಅವು ಇವತ್ತಿನ ನೈಜೀರಿಯಾದಲ್ಲಿರೋ ಬೆನಿನ್ ಸಿಟಿಯಿಂದ 1897ರಲ್ಲಿ ಬ್ರಿಟಿಷರು ಹೊತ್ಕೊಂಡು ಹೋಗಿದ್ದು. ಇವೆರಡನ್ನ ಬಹಳ ಜನ ಗೊಂದಲ ಮಾಡ್ಕೊಳ್ತಾರೆ.) 1892ರಲ್ಲಿ ಫ್ರೆಂಚ್ ಸೈನ್ಯ ಅಬೊಮೆಗೆ ನುಗ್ಗಿತು, ರಾಜ ಬೆಹಾಂಜಿನ್ ತನ್ನ ಅರಮನೆಗೆ ತಾನೇ ಬೆಂಕಿ ಹಚ್ಚಿಸಿ ಹೊರಟು ಹೋದ. ಸೇನಾಧಿಪತಿ ಆಲ್ಫ್ರೆಡ್ ಡಾಡ್ಸ್ ಅಲ್ಲಿ ಸಿಕ್ಕ ಸಿಂಹಾಸನ, ಅರಮನೆ ಬಾಗಿಲು, ರಾಜರ ಮರದ ಪ್ರತಿಮೆ ಎಲ್ಲ ಫ್ರಾನ್ಸಿಗೆ ಸಾಗಿಸಿ ಪ್ಯಾರಿಸ್ಸಿನ ಟ್ರೊಕಾಡೆರೊ ಜನಾಂಗೀಯ ಮ್ಯೂಸಿಯಂಗೆ ಕೊಟ್ಟ. ರಿಜಿಸ್ಟರ್‌ನಲ್ಲಿ ಬಿದ್ದ ಪದ ‘ದಾನ’. ನಿಮ್ಮ ಕೆಲಸಕ್ಕೆ ಈ ಪದ ನೆನಪಿಟ್ಕೊಳ್ಳಿ, ಯಾಕಂದ್ರೆ ಪಾಲಿಸಿ ಅನ್ನೋದು ಎಷ್ಟೋ ಸಲ ಹಿಂಗೇ ಒಂದು ಕಾಲಂನಲ್ಲಿ ಬರೆದಿರೋ ಒಂದು ಪದದ ರೂಪದಲ್ಲಿ ಕೂತಿರತ್ತೆ.

ಅದೇ ಟ್ರೊಕಾಡೆರೊ ಮ್ಯೂಸಿಯಂಗೆ 1907ರಲ್ಲಿ ಪಿಕಾಸೊ ಹೋದ. ಧೂಳು ಹಿಡಿದ ಕೋಣೆಗಳಲ್ಲಿ ಆಫ್ರಿಕಾದ ಮುಖವಾಡಗಳನ್ನ ನೋಡಿದ, ಅದೇ ವರ್ಷ ‘ಅವಿನ್ಯೋನಿನ ಹುಡುಗಿಯರು’ ಪೇಂಟಿಂಗ್ ಮುಗಿಸಿದ, ಅದ್ರಲ್ಲಿ ಬಲಗಡೆಯ ಎರಡು ಮುಖ ನೋಡಿದ್ರೆ ಅಲ್ಲಿ ಏನೋ ತಿರುವು ಬಂದಿದೆ ಅಂತ ಗೊತ್ತಾಗತ್ತೆ. ಅಬೊಮೆಯ ಗೂ ಅನ್ನೋ ಯುದ್ಧ ಮತ್ತು ಕಬ್ಬಿಣದ ದೇವರ ಪ್ರತಿಮೆ, ಆಳೆತ್ತರದ್ದು, ಕಬ್ಬಿಣದ ತುಂಡುಗಳನ್ನ ಜೋಡಿಸಿ ಮಾಡಿದ್ದು, ಅದೂ ಅಲ್ಲೇ ಇತ್ತು. ಕವಿ ಅಪೊಲಿನೇರ್ ಅದನ್ನ ಬಹಳ ಮೆಚ್ಚಿ ಬರೆದ. ಇಪ್ಪತ್ತನೇ ಶತಮಾನದ ಮಾಡರ್ನ್ ಶಿಲ್ಪಿಗಳು ಲೋಹದ ಚೂರು ಬೆಸೆದು ಶಿಲ್ಪ ಮಾಡೋಕೆ ಶುರು ಮಾಡೋಕೂ ಎಷ್ಟೋ ಮೊದಲು, ಹತ್ತೊಂಬತ್ತನೇ ಶತಮಾನದಲ್ಲೇ, ಆ ಕೆಲಸ ಅಬೊಮೆಯಲ್ಲಿ ಆಗಿತ್ತು. ಅಂದ್ರೆ ಲೂಟಿ ಮಾಡಿದ ವಸ್ತು, ಮಾಡರ್ನ್ ಆರ್ಟ್ ಹುಟ್ಟಿದ ಜಾಗ, ಸರ್ಕಾರಿ ಮ್ಯೂಸಿಯಂ, ಮೂರೂ ಒಂದೇ ಕಟ್ಟಡದಲ್ಲಿ ಇದ್ವು.

ಇದನ್ನ ಮೊದಲು ಕ್ಯಾಮೆರಾದಲ್ಲಿ ಬಿಗಿಯಾಗಿ ಹಿಡಿದಿದ್ದು ‘ಪ್ರತಿಮೆಗಳೂ ಸಾಯ್ತವೆ’ ಅನ್ನೋ ಅರ್ಥದ ಹೆಸರಿನ ಫ್ರೆಂಚ್ ಚಿತ್ರ, 1953ರದ್ದು, ಅರ್ಧ ಗಂಟೆ, ಅಂದ್ರೆ ನಿಮ್ಮ ಸಿನಿಮಾದ ಅಳತೆಯದ್ದೇ. ಕ್ರಿಸ್ ಮಾರ್ಕರ್, ಅಲೆನ್ ರೆನೆ ಮತ್ತು ಕ್ಯಾಮೆರಾಮನ್ ಗಿಸ್ಲೆನ್ ಕ್ಲೋಕೆ ಸೇರಿ ಮಾಡಿದ್ದು. ‘ಪ್ರೆಸಾನ್ಸ್ ಆಫ್ರಿಕೇನ್’ ಅನ್ನೋ ಪತ್ರಿಕೆ-ಪ್ರಕಾಶನದವರು ಆಫ್ರಿಕಾದ ಕಲೆ ಬಗ್ಗೆ ಚಿತ್ರ ಬೇಕು ಅಂತ ಕೇಳಿದ್ದಕ್ಕೆ ಶುರುವಾಗಿದ್ದು. ಗ್ರೀಕ್, ಈಜಿಪ್ಟಿನ ಶಿಲ್ಪ ಲೂವ್ರ್ ಅನ್ನೋ ಕಲಾ ಮ್ಯೂಸಿಯಂನಲ್ಲಿದೆ, ಆಫ್ರಿಕಾದ ಶಿಲ್ಪ ಮಾತ್ರ ಯಾಕೆ ಮಾನವಶಾಸ್ತ್ರದ ಮ್ಯೂಸಿಯಂನಲ್ಲಿದೆ, ಇದೇ ಅವರಿಗೆ ಕಾಡಿದ ಪ್ರಶ್ನೆ. ನೋಡಿ, ಪಾಲಿಸಿ ಪ್ರಶ್ನೆ ಅಂದ್ರೆ ಇದು. ಯಾವ ಅಧಿಕಾರಿಯನ್ನೂ ಕೂರಿಸ್ಕೊಂಡು ಮಾತಾಡಿಸೋ ಅಗತ್ಯ ಬರ್ಲಿಲ್ಲ, ಯಾವ ವಸ್ತು ಯಾವ ಕಟ್ಟಡದಲ್ಲಿದೆ ಅಂತ ಕೇಳಿದ್ರೆ ಸಾಕಾಯ್ತು.

ಆ ಚಿತ್ರಕ್ಕೆ 1954ರಲ್ಲಿ ಜಾನ್ ವಿಗೋ ಪ್ರಶಸ್ತಿ ಬಂತು. ಆದ್ರೆ ಫ್ರಾನ್ಸಿನ ಸರ್ಕಾರಿ ಸಿನಿಮಾ ಕೇಂದ್ರ ಅದನ್ನ ತೋರಿಸೋಕೆ ಬಿಡ್ಲಿಲ್ಲ. ಮೊದಲ ಭಾಗ, ಮುಖವಾಡಗಳು, ನೆರಳು ಬೆಳಕು, ಅದಕ್ಕೆ ಯಾರ ತಕರಾರೂ ಇರ್ಲಿಲ್ಲ, ಸಿಟ್ಟು ಬಂದಿದ್ದು ಕೊನೇ ರೀಲಿನ ಮೇಲೆ, ಯಾಕಂದ್ರೆ ಅಲ್ಲಿ ವಸಾಹತು ಆಡಳಿತ ಬಂದ್ಮೇಲೆ ಪೂಜೆಯ ವಸ್ತು ಹೇಗೆ ಪೇಟೆ ಸಾಮಾನು ಆಯ್ತು, ಅದನ್ನ ಮಾಡೋ ಕೈಗಳಿಗೆ ಏನಾಯ್ತು ಅಂತ ನೇರವಾಗಿ ಹೇಳ್ತಾರೆ. ಹತ್ತು ವರ್ಷ ತಡೆ, ಆಮೇಲೂ ಕತ್ತರಿಸಿದ ಪ್ರಿಂಟಿಗೆ ಮಾತ್ರ ಅನುಮತಿ. ಈ ಮಧ್ಯೆ 1959ರಲ್ಲಿ ಫ್ರಾನ್ಸಿಗೆ ಮೊದಲ ಸಂಸ್ಕೃತಿ ಮಂತ್ರಿ ಬಂದ್ರು, ಆಂದ್ರೆ ಮಾಲ್ರೊ. ಟ್ರೊಕಾಡೆರೊದ ಮುಖವಾಡಗಳ ಎದುರು ತನಗೆ ಏನನ್ನಿಸಿತು ಅಂತ ಪಿಕಾಸೊ ಹೇಳ್ಕೊಂಡಿದ್ದು ಇದೇ ಮಾಲ್ರೊ ಹತ್ರ. ಆ ಅನುಭವದ ಬೆಲೆ ಗೊತ್ತಿದ್ದ ಮನುಷ್ಯ ಮಂತ್ರಿಯಾದ ಮೇಲೂ ಆ ಚಿತ್ರ ಕೆಲವು ವರ್ಷ ಡಬ್ಬಿಯಲ್ಲೇ ಇತ್ತು ಅನ್ನೋದು ನನಗೆ ಇವತ್ತಿಗೂ ಬೇಜಾರು ತರಿಸೋ ವಿಷಯ.

ಒಂದು ಕೊರತೆನೂ ಹೇಳ್ಬೇಕು. ಆ ಚಿತ್ರದಲ್ಲಿ ಮಾತೆಲ್ಲ ಒಬ್ಬ ಫ್ರೆಂಚ್ ಗಂಡಸಿನ ಧ್ವನಿ. ಬಹಳ ಸೊಗಸಾದ ಬರವಣಿಗೆ, ಒಳ್ಳೇ ಮನಸ್ಸಿನಿಂದ ಬರೆದಿದ್ದು, ಆದ್ರೆ ಪ್ರತಿಮೆ ಪರವಾಗಿ ಇನ್ಯಾರೋ ಮಾತಾಡ್ತಾ ಇರ್ತಾರೆ. ಅಲ್ಲಿಂದ ಎಪ್ಪತ್ತು ವರ್ಷ ದಾಟಿ ನಿರ್ದೇಶಕಿ ಮಾಟಿ ಡಿಯೋಪ್ ಅವರ ‘ದಹೋಮಿ’ಗೆ ಬನ್ನಿ, ಅಲ್ಲಿ ಪ್ರತಿಮೆನೇ ಮಾತಾಡತ್ತೆ.

ನಡುವೆ ನಡೆದಿದ್ದು ಇಷ್ಟು. 2016ರಲ್ಲಿ ಬೆನಿನ್ ಸರ್ಕಾರ ತನ್ನ ವಸ್ತು ವಾಪಸ್ ಕೊಡಿ ಅಂತ ಕೇಳ್ತು, ಸರ್ಕಾರಿ ಸಂಗ್ರಹದ ವಸ್ತು ಪರಭಾರೆ ಮಾಡೋ ಹಾಗಿಲ್ಲ ಅಂತ ಫ್ರಾನ್ಸ್ ಕೈ ಆಡಿಸ್ತು. 2017ರ ನವೆಂಬರ್‌ನಲ್ಲಿ ಅಧ್ಯಕ್ಷ ಮ್ಯಾಕ್ರನ್ ಬುರ್ಕಿನಾ ಫಾಸೋದಲ್ಲಿ ಭಾಷಣ ಮಾಡ್ತಾ ಐದು ವರ್ಷದೊಳಗೆ ವಾಪಸಾತಿಗೆ ದಾರಿ ಮಾಡ್ತೀನಿ ಅಂದ್ರು. ಮಾರನೇ ವರ್ಷ ಸೆನೆಗಲ್‌ನ ಚಿಂತಕ ಫೆಲ್ವಿನ್ ಸಾರ್, ಕಲಾ ಇತಿಹಾಸಕಾರ್ತಿ ಬೆನೆಡಿಕ್ಟ್ ಸವುವಾ ವರದಿ ಕೊಟ್ರು. ಸಹಾರಾ ಕೆಳಗಿನ ಆಫ್ರಿಕಾದ ಸುಮಾರು 90,000 ವಸ್ತು ಫ್ರಾನ್ಸಿನ ಸರ್ಕಾರಿ ಸಂಗ್ರಹಗಳಲ್ಲಿದೆ, ಅದ್ರಲ್ಲಿ 70,000ದಷ್ಟು ಪ್ಯಾರಿಸ್ಸಿನ ಕೆ ಬ್ರಾನ್ಲಿ ಮ್ಯೂಸಿಯಂ ಒಂದರಲ್ಲೇ ಇದೆ ಅಂತ ಲೆಕ್ಕ ಬಂತು. 2020ರ ಡಿಸೆಂಬರ್‌ನಲ್ಲಿ ಒಂದು ವಿಶೇಷ ಕಾನೂನು ಮಾಡಿ ಬೆನಿನ್‌ಗೆ 26 ವಸ್ತು, ಸೆನೆಗಲ್‌ಗೆ ಒಂದು ಖಡ್ಗ ಅಂತ ಎಣಿಸಿ ಕೊಟ್ರು. ಗೂ ದೇವರ ಪ್ರತಿಮೆ ಆ 26ರಲ್ಲಿ ಇರ್ಲಿಲ್ಲ. 2021ರ ನವೆಂಬರ್ 10ಕ್ಕೆ ಆ 26 ವಸ್ತು ಹೊತ್ತ ವಿಮಾನ ಬೆನಿನ್‌ನ ಕೊಟೊನು ನಗರದಲ್ಲಿ ಇಳೀತು.

ಈಗ ಸಿನಿಮಾ. ಶುರುವಿನಲ್ಲೇ ರಾತ್ರಿ, ಸೇನ್ ನದಿ ದಡ, ಟೂರಿಸ್ಟ್‌ಗಳಿಗೆ ಮಾರೋ ಪುಟಾಣಿ ಐಫೆಲ್ ಟವರ್‌ಗಳು ಬಣ್ಣ ಬಣ್ಣದಲ್ಲಿ ಮಿಣುಕ್ತಾ ಇರ್ತವೆ. ಆಮೇಲೆ ಮ್ಯೂಸಿಯಂ ಕಾರಿಡಾರ್‌ಗಳ ಸಿಸಿಟಿವಿ, ಯಾರೂ ಇಲ್ಲ. ಆಮೇಲೆ ಗ್ಲೌಸ್ ಹಾಕಿರೋ ಕೈಗಳು ದಹೋಮಿಯ ರಾಜ ಘೇಜೊ ಪ್ರತಿಮೆಯನ್ನ ಮಗುವನ್ನ ಮಲಗಿಸೋ ಹಾಗೆ ಪೆಟ್ಟಿಗೆಯಲ್ಲಿ ಮಲಗಿಸ್ತವೆ. ಅರ್ಧ ಮನುಷ್ಯ, ಅರ್ಧ ಹಕ್ಕಿ, ಒಂದು ಕೈ ಮೇಲಕ್ಕೆತ್ತಿದೆ. ಬೆನಿನ್‌ನಿಂದ ಬಂದ ಕ್ಯುರೇಟರ್ ಪ್ರತಿ ವಸ್ತುವಿನ ಮುಂದೆ ನಿಂತು ಎಲ್ಲಿ ಸೀಳಿದೆ, ಎಲ್ಲಿ ಬಣ್ಣ ಹೋಗಿದೆ ಅಂತ ಒಂದೊಂದಾಗಿ ಬರೆಸ್ತಾರೆ. ಡಾಕ್ಟರ್ ರೋಗಿಯನ್ನ ಪರೀಕ್ಷೆ ಮಾಡ್ದಂಗೆ. ಕೊನೆಗೆ ಪೆಟ್ಟಿಗೆ ಮುಚ್ಚಳ ಹಾಕಿ ಸ್ಕ್ರೂ ಬಿಗಿಯೋವಾಗ ಕ್ಯಾಮೆರಾ ಎಲ್ಲಿರತ್ತೆ ಗೊತ್ತಾ? ಪೆಟ್ಟಿಗೆ ಒಳಗೆ! ಪರದೆ ಕಪ್ಪಾಗತ್ತೆ, ಸ್ಕ್ರೂ ತಿರುಗೋ ಶಬ್ದ ನಮ್ಮ ತಲೆ ಮೇಲೆ ಕೇಳಿಸತ್ತೆ, ನಾವೂ ಒಳಗಿದೀವಿ.

ಆ ಕತ್ತಲಲ್ಲಿ ಒಂದು ಧ್ವನಿ ಬರತ್ತೆ. ಫೋನ್ ಭಾಷೆ, ದಹೋಮಿಯವರ ಭಾಷೆ. ಗಂಡೋ ಹೆಣ್ಣೋ ಗೊತ್ತಾಗ್ದಂಗೆ, ಬಾವಿ ತಳದಿಂದ ಬಂದ ಹಾಗೆ. ನನಗೆ ಹೆಸರಿತ್ತು, ಈಗ ನಾನು ಬರೀ 26 ಅನ್ನೋ ಭಾವದಲ್ಲಿ ಅದು ಮಾತಾಡತ್ತೆ. ಆ ಮಾತುಗಳನ್ನ ಡಿಯೋಪ್ ಹೈಟಿಯ ಲೇಖಕ ಮಕೆಂಜಿ ಓರ್ಸೆಲ್ ಜೊತೆ ಸೇರಿ ಬರೆದಿದ್ದಾರೆ. ನನಗೆ ಇಲ್ಲಿ ಮೈ ಜುಂ ಅಂತು, ಸುಳ್ಳು ಹೇಳಲ್ಲ. ಒಂದು ಕ್ಯಾಟಲಾಗ್ ನಂಬರ್ ಅಂದ್ರೆ ಏನು ಅಂತ ಎಷ್ಟು ಪುಟ ಓದಿದ್ರೂ ಬರದ ತಿಳುವಳಿಕೆ ಆ ಒಂದು ನಿಮಿಷದಲ್ಲಿ ಬಂತು. ಪಾಲಿಸಿ ಅಂದ್ರೆ ಭಾಷಣ ಅಂತ ನಾವೆಲ್ಲ ಅಂದ್ಕೊಂಡಿದೀವಲ್ಲ, ಅಲ್ಲಿ ಅದು ಸ್ಕ್ರೂ, ಫೋಮ್, ಲೇಬಲ್, ಕಂಡೀಷನ್ ರಿಪೋರ್ಟ್ ಆಗಿ ಕಣ್ಣ ಮುಂದೆ ಇರತ್ತೆ.

ಎರಡನೇ ಭಾಗ ಕೊಟೊನುವಿನಲ್ಲಿ. ಅಧ್ಯಕ್ಷರ ಭವನದಲ್ಲಿ ಪ್ರದರ್ಶನಕ್ಕೆ ತಯಾರಿ, ಅಲ್ಲಿ ಕೆಲಸ ಮಾಡೋ ಕಾರ್ಮಿಕರು ಒಂದು ಕ್ಷಣ ನಿಂತು ತಮ್ಮ ರಾಜರ ಸಿಂಹಾಸನವನ್ನ ಸುಮ್ಮನೆ ನೋಡ್ತಾರೆ, ಯಾರೂ ಏನೂ ಹೇಳಲ್ಲ. ಆಮೇಲೆ ಅಬೊಮೆ-ಕಲಾವಿ ಯೂನಿವರ್ಸಿಟಿಯ ವಿದ್ಯಾರ್ಥಿಗಳ ಚರ್ಚೆ, ಸಿನಿಮಾದ ಪ್ರಾಣ ಇರೋದು ಅಲ್ಲಿ. ಸಾವಿರಗಟ್ಟಲೆ ವಸ್ತು ಅಲ್ಲಿಟ್ಕೊಂಡು ಬರೀ 26 ಕೊಟ್ಟಿದ್ದು ಅವಮಾನ ಅಂತ ಒಬ್ರು, ಇದು ಮೊದಲ ಹೆಜ್ಜೆ ಅಂತ ಇನ್ನೊಬ್ರು, ಗಾಜಿನೊಳಗಿಟ್ರೆ ಅಲ್ಲಿಗೂ ಇಲ್ಲಿಗೂ ಏನು ವ್ಯತ್ಯಾಸ, ಇವು ಪೂಜೆಯ ವಸ್ತು ಅಲ್ವಾ ಅಂತ ಮತ್ತೊಬ್ರು. ನಾನು ಡಿಸ್ನಿ ನೋಡಿ ಬೆಳೆದೆ, ನಮ್ಮ ರಾಜರ ಕಥೆ ಯಾರೂ ತೋರಿಸ್ಲಿಲ್ಲ ಅನ್ನೋ ಸಂಕಟನೂ ಬರತ್ತೆ. ಇದನ್ನೆಲ್ಲ ಅವರು ಹೇಳ್ತಿರೋದು ಫ್ರೆಂಚ್‌ನಲ್ಲಿ, ಪ್ರತಿಮೆ ಮಾತಾಡಿದ್ದು ಫೋನ್ ಭಾಷೆಯಲ್ಲಿ! ಡಿಯೋಪ್ ಇದರ ಮೇಲೆ ಒಂದು ಮಾತೂ ಹಾಕಲ್ಲ. ಹಾಕಿದ್ರೆ ಕೆಟ್ಟು ಹೋಗ್ತಿತ್ತು.

ಮತ್ತೆ ಆ ಪ್ರದರ್ಶನ, 2022ರದ್ದು, ಬರೀ ಹಳೇ ನಿಧಿಗಳದ್ದಲ್ಲ. ಒಂದು ಕಡೆ ರಾಜರ 26 ವಸ್ತು, ಅದರ ಜೊತೆಗೇ ಬೆನಿನ್‌ನ ಈಗಿನ ಮೂವತ್ತಕ್ಕೂ ಹೆಚ್ಚು ಕಲಾವಿದರ ಕೆಲಸ. ಹಿಂದೆ ಪ್ಯಾರಿಸ್ಸಿನ ಮಾಡರ್ನ್ ಕಲಾವಿದರಿಗೆ ಸಿಕ್ಕ ಮೂಲ ವಸ್ತು ಈಗ ಆ ಊರಿನ ಕಲಾವಿದರಿಗೇ ಎದುರಾಯ್ತು. ಒಂದು ಸರ್ಕಾರ ಬೇಕು ಅಂತ ಮಾಡಿದ ಆಯ್ಕೆ ಅದು, ನನ್ನ ಪ್ರಕಾರ ಒಳ್ಳೇ ಆಯ್ಕೆ.

‘ದಹೋಮಿ’ಗೆ 2024ರಲ್ಲಿ ಬರ್ಲಿನ್ ಚಿತ್ರೋತ್ಸವದ ಗೋಲ್ಡನ್ ಬೇರ್, ಅಂದ್ರೆ ಚಿನ್ನದ ಕರಡಿ ಪ್ರಶಸ್ತಿ ಬಂತು. ಅಂಥದ್ದೇ ಕರಡಿ ನಮ್ಮ ದೇಶಕ್ಕೂ 1967ರಲ್ಲಿ, ಶಾರ್ಟ್ ಫಿಲ್ಮ್ ವಿಭಾಗದಲ್ಲಿ ಬಂದಿತ್ತು, ಎಂ.ಎಫ್. ಹುಸೇನ್ ಫಿಲ್ಮ್ಸ್ ಡಿವಿಜನ್‌ಗೆ ಮಾಡಿಕೊಟ್ಟ ‘ಥ್ರೂ ದಿ ಐಸ್ ಆಫ್ ಎ ಪೇಂಟರ್’ಗೆ. ನಿಮ್ಮ ಗೆಳೆಯ ಪೇಂಟರ್ ಅಂದ್ರಲ್ಲ, ಅವರ ಜೊತೆ ಕೂತು ಇದನ್ನ ನೋಡಿ. ರಾಜಸ್ಥಾನದ ಬೂಂದಿ, ಚಿತ್ತೋರ್, ಜೈಸಲ್ಮೇರ್, ಶುರುವಿನ ಪರಿಚಯದ ಮಾತು ಬಿಟ್ರೆ ಕಾಮೆಂಟರಿ ಇಲ್ಲ, ಒಂದು ಛತ್ರಿ, ಒಂದು ಲಾಟೀನು, ಒಂದು ಚಪ್ಪಲಿ, ಒಂದು ಹಸು, ಕೋಟೆ ಗೋಡೆ. ಫಿಲ್ಮ್ಸ್ ಡಿವಿಜನ್ 1948ರಲ್ಲಿ ಶುರುವಾದ ಸರ್ಕಾರದ ಸಿನಿಮಾ ಸಂಸ್ಥೆ ಆಗಿತ್ತು, ಅವರ ಚಿತ್ರಗಳನ್ನ ಥಿಯೇಟರ್‌ಗಳು ಮೇನ್ ಪಿಕ್ಚರ್‌ಗೆ ಮೊದಲು ತೋರಿಸ್ಲೇಬೇಕು ಅಂತ ನಿಯಮ ಇತ್ತು, ನಮ್ಮ ವಯಸ್ಸಿನೋರಿಗೆಲ್ಲ ನೆನಪಿರತ್ತೆ. ಅಂಥ ಕಡೆ ಒಬ್ಬ ಪೇಂಟರ್‌ಗೆ ಕ್ಯಾಮೆರಾ ಕೊಟ್ಟು ‘ನಿನಗೆ ಕಂಡಂಗೆ ಮಾಡು’ ಅಂತ ಬಿಟ್ರಲ್ಲ, ಅದೂ ಒಂದು ಸಾಂಸ್ಕೃತಿಕ ನೀತಿನೇ. ಪೇಂಟರ್ ಬಗ್ಗೆ ಸಿನಿಮಾ ಮಾಡೋದು ಬೇರೆ, ಪೇಂಟರ್ ಕಣ್ಣಲ್ಲಿ ಊರು ನೋಡೋದು ಬೇರೆ. ನಿಮ್ಮ ಗೆಳೆಯನನ್ನ ಸ್ಟುಡಿಯೋದಲ್ಲಿ ಕೂರಿಸಿ ಇಂಟರ್‌ವ್ಯೂ ಮಾಡಿದ್ರೆ ಅದು ತುಂಡಾಗೇ ಉಳಿಯತ್ತೆ.

ಇನ್ನೊಂದು ಹೆಸರು, ಊಕೆ ಹೋಗೆನ್‌ಡೈಕ್ ಅವರು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ರಿಪೇರಿ ಬಗ್ಗೆ ಮಾಡಿದ್ದು. 2003ರಲ್ಲಿ ಮುಚ್ಚಿದ ಮ್ಯೂಸಿಯಂ ತೆಗೆಯೋ ಹೊತ್ತಿಗೆ 2013 ಆಯ್ತು, ತಡ ಆಗಿದ್ದಕ್ಕೆ ಒಂದು ಕಾರಣ ಕಟ್ಟಡದ ನಡುವೆ ಹಾದುಹೋಗೋ ಸೈಕಲ್ ದಾರಿ ಬಿಟ್ಟುಕೊಡಲ್ಲ ಅಂತ ಊರಿನ ಸೈಕಲ್ ಸವಾರರು ಹಿಡಿದ ಪಟ್ಟು. ಮೀಟಿಂಗ್‌ಗಳೂ ಕಥೆಯಾಗಬಹುದು ಅಂತ ಕಲಿಯೋಕೆ ಅದು ಚೆನ್ನಾಗಿದೆ.

ಈಗ ಹಂಪಿ. ನೀವು ಕಳಿಸಿದ ಶಾಟ್ ಲಿಸ್ಟ್‌ನಲ್ಲಿ ಕಲ್ಲಿನ ರಥ, ಕಮಲ ಮಹಲ್, ಸೂರ್ಯಾಸ್ತ ಎಲ್ಲ ಇದೆ. ನಾನಾಗಿದ್ರೆ ಉಗ್ರ ನರಸಿಂಹನ ಹತ್ರ ನಿಲ್ತಿದ್ದೆ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದಿದ್ದು, ಇಪ್ಪತ್ತು ಅಡಿಗಿಂತ ಎತ್ತರ ಇದೆ. ಅವನ ಮೊಣಕಾಲುಗಳ ನಡುವೆ ಒಂದು ಕಲ್ಲಿನ ಪಟ್ಟಿ ಇದೆ ನೋಡಿ, ಯೋಗಪಟ್ಟ. ಅದು ಹೊಸದು, 1980ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಮುರಿದ ಕಾಲುಗಳಿಗೆ ಆಸರೆಯಾಗ್ಲಿ ಅಂತ ಸೇರಿಸಿದ್ದು. ಆದ್ರೆ ತೊಡೆ ಮೇಲೆ ಕೂತಿದ್ದ ಲಕ್ಷ್ಮಿ ಇಲ್ಲ, ಅವಳ ಕೈ ಮಾತ್ರ ನರಸಿಂಹನ ಬೆನ್ನಿಗೆ ಅಂಟ್ಕೊಂಡು ಉಳಿದಿದೆ. ಹಿಂದಕ್ಕೆ ಹೋಗಿ ನೋಡಿ, ಬೆರಳುಗಳು ಕಾಣತ್ತೆ. ಪಟ್ಟಿ ಹಾಕಿದ್ರು, ಲಕ್ಷ್ಮಿಯನ್ನ ಹೊಸದಾಗಿ ಕಡೀಲಿಲ್ಲ. ಯಾವುದನ್ನ ಸೇರಿಸ್ಬೇಕು, ಯಾವುದನ್ನ ಮುರಿದ ಹಾಗೇ ಬಿಡ್ಬೇಕು ಅನ್ನೋ ನಿರ್ಧಾರ ಅಲ್ಲಿ ಕಲ್ಲಲ್ಲೇ ಇದೆ. ನಿಮ್ಮ ಗೆಳೆಯನಿಗೆ ಆ ಕೈ ಬಿಡಿಸೋಕೆ ಹೇಳಿ, ಅವನು ಬಿಡಿಸ್ತಾ ಇಲ್ಲದ ಲಕ್ಷ್ಮಿಯನ್ನ ಸೇರಿಸ್ತಾನಾ ಬಿಡ್ತಾನಾ ಅಂತ ಕ್ಯಾಮೆರಾ ಇಟ್ಕೊಂಡು ಕಾಯಿರಿ, ಕೇಳ್ಬೇಡಿ, ಕಾಯಿರಿ. ಇಲಾಖೆ ಎದುರಿಸಿದ ಪ್ರಶ್ನೆನೇ ಅವನ ಪೆನ್ಸಿಲ್ ತುದಿಗೂ ಬರತ್ತೆ.

ಅಲ್ಲಿಂದ ಊರಿನ ಜನಕ್ಕೆ ಹೋಗೋದು ಕಷ್ಟ ಅಲ್ಲ. ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, 1999ರಲ್ಲಿ ಸೇತುವೆ ಕಟ್ಟೋ ವಿಷಯಕ್ಕೆ ಅಪಾಯದ ಪಟ್ಟಿಗೆ ಹೋಗಿ 2006ರಲ್ಲಿ ಹೊರಗೆ ಬಂತು, ಆನೆಗೊಂದಿ ಕಡೆಯ ಆ ಸೇತುವೆ 2009ರ ಜನವರಿಯಲ್ಲಿ ಕಟ್ತಾ ಇರುವಾಗಲೇ ಕುಸಿದು ಕೆಲಸಗಾರರು ಸತ್ರು. 2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಮನೆ, ಅಂಗಡಿ ಮಾಡ್ಕೊಂಡಿದ್ದೋರನ್ನ ತೆರವು ಮಾಡಿದ್ರು. ಸ್ಮಾರಕಕ್ಕೆ ಧಕ್ಕೆ ಆಗ್ತಿತ್ತು ಅನ್ನೋದೂ ನಿಜ, ಅಲ್ಲೇ ಹುಟ್ಟಿ ಬೆಳೆದೋರ ಮನೆ ಹೋಯ್ತು ಅನ್ನೋದೂ ನಿಜ, ನಿಮ್ಮ ಸಿನಿಮಾ ಎರಡನ್ನೂ ಇಟ್ಕೊಳ್ಳೋ ಧೈರ್ಯ ಮಾಡ್ಬೇಕು. ‘ದಹೋಮಿ’ಯ ವಿದ್ಯಾರ್ಥಿಗಳ ಹಾಗೆ, ನೀವು ಮಾತಾಡೋದು ಬಿಟ್ಟು ಅವರಿಗೆ ಮಾತಾಡೋಕೆ ಬಿಡಿ. ಪರವಾಗಿ ಇರೋರು, ವಿರುದ್ಧ ಇರೋರು, ಆಗ ಹತ್ತು ವರ್ಷದ ಮಕ್ಕಳಾಗಿದ್ದು ಈಗ ಆಟೋ ಓಡಿಸ್ತಿರೋರು, ಎಲ್ಲರನ್ನೂ ಒಂದೇ ಕಡೆ ಕೂರಿಸಿ. ಅವರ ಭಾಷೆಯನ್ನ ತಿದ್ದಿ ಗ್ರಂಥದ ಕನ್ನಡ ಮಾಡ್ಬೇಡಿ. ಹೊಸಪೇಟೆ ಕಡೆ ಮಾತಿನ ಎಳೆತ ಇದ್ಯಲ್ಲ, ನಿಮ್ಮ ಸಿನಿಮಾದ ಫೋನ್ ಭಾಷೆ ಅದೇ.

ಪರ್ಮಿಷನ್ ವಿಷಯ ಈಗಲೇ ನೋಡ್ಕೊಳ್ಳಿ. ಸಂರಕ್ಷಿತ ಸ್ಮಾರಕದಲ್ಲಿ ಡಾಕ್ಯುಮೆಂಟರಿ ಶೂಟಿಂಗ್‌ಗೆ, ಟ್ರೈಪಾಡ್ ಇಡೋಕೆ, ಪುರಾತತ್ವ ಇಲಾಖೆಗೆ ಮುಂಚೆ ಅರ್ಜಿ ಹಾಕ್ಬೇಕು, ಡ್ರೋನ್‌ಗೆ ಬೇರೆ ಅನುಮತಿ. ನನಗೆ ಹಿಂದೆ ಒಂದು ಮ್ಯೂಸಿಯಂನಲ್ಲಿ ಉಗ್ರಾಣ ಶೂಟ್ ಮಾಡೋಕೆ ಬಿಡ್ಲಿಲ್ಲ, ನಾಲ್ಕು ತಿಂಗಳು ಅಲೆದ್ಮೇಲೆ ರಿಜಿಸ್ಟರ್ ಪುಸ್ತಕವನ್ನ ಮಾತ್ರ ತೋರಿಸಿದ್ರು. ಮೇಜಿನ ಮೇಲೆ ಅದನ್ನ ತೆರೆದಿಟ್ಟು ಪುಟ ಪುಟ ಶೂಟ್ ಮಾಡಿದ್ವಿ. ಹಳೇ ಶಾಯಿ, ಊರಿನ ಹೆಸರು, ‘ವಿಗ್ರಹ, ಕೈ ಮುರಿದಿದೆ’ ಅಂತ ಗುಂಡಗಿನ ಅಕ್ಷರ, ಪಕ್ಕದಲ್ಲಿ ನಂಬರ್. ಸಿನಿಮಾ ನೋಡಿದೋರೆಲ್ಲ ಆ ಪುಟಗಳ ಬಗ್ಗೆನೇ ಮಾತಾಡಿದ್ರು. ಹಾಗಾಗಿ ಕಮಲಾಪುರದ ಮ್ಯೂಸಿಯಂಗೆ ಹೋದಾಗ ಶಿಲ್ಪದ ಜೊತೆ ಅದರ ಲೇಬಲ್ಲನ್ನೂ ಹತ್ತಿರದಿಂದ ತೆಗೀರಿ, ಲೇಬಲ್‌ನಲ್ಲಿ ಏನಿದೆ, ಏನಿಲ್ಲ ಅಂತ ಓದಿ.

ಈಗಿರೋ ಕಟ್ ಪಕ್ಕಕ್ಕಿಡಿ, ಡಿಲೀಟ್ ಮಾಡ್ಬೇಡಿ. ಹೊಸ ಟೈಮ್‌ಲೈನ್ ತೆಗೆದು ಮೊದಲ ಶಾಟ್ ಲಕ್ಷ್ಮಿಯ ಕೈ ಇಡಿ, ಮ್ಯೂಸಿಕ್ ಬೇಡ, ಬೆಳಗ್ಗೆ ಆರೂವರೆಗೆ ಹೋದ್ರೆ ಗಿಳಿಗಳ ಸದ್ದು ಸಿಗತ್ತೆ ಅಷ್ಟೇ ಸಾಕು. ಹತ್ತು ನಿಮಿಷದ್ದು ಆದ್ಮೇಲೆ ನನಗೆ ಕಳಿಸಿ, ನೋಡಿ ಹೇಳ್ತೀನಿ.